ತಪ್ಪಿನ ಹಿಡಿ

ನಾನು ಪುಕ್ಕಲಿ ಎನ್ನುವುದು ಊರಿಗೆಲ್ಲ ಗೊತ್ತು. ಹಲ್ಲಿ ಲೊಚಗುಟ್ಟಿದರೆ ಎದೆ ಹಿಡಿದುಕೊಳ್ಳುವವಳು, ದಾರಿಯಲ್ಲಿ ಹಗ್ಗ ಬಿದ್ದಿದ್ದರೆ ಸುತ್ತಿ ಬಳಸಿ ಹೋಗುವವಳು. ನಮ್ಮೂರಿನ ದನಗಳ ಅಂದಾಜು ಹಾಕುವ ಕೆಲಸ ನನಗೆ ಸಿಕ್ಕಿದ್ದೂ ಆ ಪುಕ್ಕಲುತನದಿಂದಲೇ. ಇದನ್ನು ಧೈರ್ಯವಂತರ ಕೈಗೆ ಕೊಡಬಾರದು ಎಂದು ಹಿರಿಯರು ಎಂದೋ ತೀರ್ಮಾನ ಮಾಡಿಕೊಂಡಿದ್ದರು. ಧೈರ್ಯವಂತರಿಗೆ ಸರಿಯಾದ ಉತ್ತರ ಬೇಕು. ನನ್ನಂಥವಳಿಗೆ ಅದು ಬೇಡವೇ ಬೇಡ. ಹೆಸರು ಓಬಕ್ಕ; ಊರವರು ಕರೆಯುವುದು ಅಂದಾಜಕ್ಕ ಎಂದು.

ನಮ್ಮೂರಿನ ದನಗಳ ಸರಿಯಾದ ಲೆಕ್ಕ ಯಾರ ಕೈಗಾದರೂ ಸಿಕ್ಕಿತೋ, ಮಂದೆ ಎದ್ದು ಹೊರಟುಬಿಡುತ್ತದೆ. ಮೊದಲು ಕೊರಳಿನ ಗಂಟೆಗಳು ನಿಲ್ಲುತ್ತವೆ. ಆಮೇಲೆ ದನಗಳು ಮೆಲುಕು ಹಾಕುವುದನ್ನು ಬಿಡುತ್ತವೆ. ಆಮೇಲೆ ಒಂದೊಂದಾಗಿ ಎಲ್ಲವೂ ಬಡಗಣ ದಿಬ್ಬದ ಕಡೆ ಮುಖ ತಿರುಗಿಸುತ್ತವೆ. ಅಲ್ಲಿಗೆ ಮುಗಿಯಿತು. ಕಟ್ಟಿದ ಹಗ್ಗ ಹರಿಯುತ್ತದೆ, ಇಲ್ಲವೇ ಗೂಟ ಕಿತ್ತು ಬರುತ್ತದೆ. ಹಗ್ಗವೂ ಗೂಟವೂ ಗಟ್ಟಿಯಾಗಿದ್ದರೆ ದನ ನಿಂತಲ್ಲೇ ಜಗ್ಗಿ ಜಗ್ಗಿ ಸಾಯುತ್ತದೆ, ಮುಖ ಮಾತ್ರ ಆ ಕಡೆಗೇ ಇರುತ್ತದೆ. ದಿಬ್ಬ ದಾಟಿದ ದನವನ್ನು ಮತ್ತೆ ಕಂಡವರಿಲ್ಲ. ಹುಡುಕಿಕೊಂಡು ಹೋದವರಿಗೆ ಆಚೆ ಒಂದು ಹಿಡಿ ಸೆಗಣಿಯೂ ಸಿಗಲಿಲ್ಲ. ಮಂದೆ ಹೊರಟರೆ ಊರಿನ ಗೋವಳನೂ ಅದರ ಹಿಂದೆ ಹೊರಡುತ್ತಾನೆ. ಅವನನ್ನು ಯಾರೂ ದಬ್ಬುವುದಿಲ್ಲ. ಗೋವಳನೆಂದ ಮೇಲೆ ಹೋಗಬೇಕು, ಹೋಗುತ್ತಾನೆ.

ನನ್ನಪ್ಪ ಗೋವಳನಾಗಿದ್ದ. ನಾನಿನ್ನೂ ಲಂಗ ಉಡುತ್ತಿದ್ದ ಕಾಲ. ಪರವೂರಿನಿಂದ ಮಡಕೆ ಮಾರಲು ಬಂದ ಒಬ್ಬ ಮನುಷ್ಯ ಕೆರೆ ಏರಿಯ ಮೇಲೆ ಕೂತು, ಹೊತ್ತು ಹೋಗದೆ, ನೀರು ಕುಡಿಯಲು ಬಂದ ದನಗಳನ್ನು ಎಣಿಸಿಬಿಟ್ಟ. ಕೆಟ್ಟವನೇನಲ್ಲ, ನಮ್ಮ ಮನೆಯಲ್ಲೇ ಮಜ್ಜಿಗೆ ಕುಡಿದು ಹೋಗಿದ್ದ. ಎಣಿಸಿ ಮುಗಿಸಿ, ಭಾರಿ ದನ ಇವೆ ನಿಮ್ಮೂರಲ್ಲಿ ಎಂದು ಮೆಚ್ಚಿಕೊಂಡು ಸಂಖ್ಯೆಯನ್ನು ಬಾಯಿಬಿಟ್ಟು ಹೇಳಿದ. ಅಪ್ಪ ಸೇದುತ್ತಿದ್ದ ಬೀಡಿಯನ್ನು ಕಲ್ಲಿಗೆ ಒತ್ತಿ ಆರಿಸಿ ಎದ್ದು ನಿಂತ. ನಾನು ಏರಿಯ ಕೆಳಗಿದ್ದೆ. ಅಪ್ಪ ನನ್ನ ಪಕ್ಕದಲ್ಲೇ ದಾಟಿಹೋದ, ನನ್ನ ಕಡೆ ನೋಡಲಿಲ್ಲ. ಅಷ್ಟು ದನ ಒಟ್ಟಿಗೆ ನಡೆದರೂ ಒಂದು ಗಂಟೆಯೂ ಸದ್ದು ಮಾಡಲಿಲ್ಲ. ನನ್ನ ಪುಕ್ಕಲುತನ ಹುಟ್ಟಿದ್ದು ಆವತ್ತು. ಊರವರು ಸಾಲ ಸೋಲ ಮಾಡಿ ಹೊಸ ದನ ತಂದು ಕೊಟ್ಟಿಗೆ ತುಂಬಿಸುವಷ್ಟರಲ್ಲಿ ನಾನು ಮದುವೆಯ ವಯಸ್ಸಿಗೆ ಬಂದಿದ್ದೆ.

ಈಗ ಗೋವಳನ ಕೋಲು ಹಿಡಿದಿರುವವನು ನನ್ನ ತಮ್ಮ ಗಾದ್ರಿ. ಅಪ್ಪ ಹೋದಾಗ ತೊಟ್ಟಿಲಲ್ಲಿದ್ದವನು. ಗೋವಳನಿಗೆ ಹೆಣ್ಣು ಕೊಡುವ ಗಟ್ಟಿಗರು ನಮ್ಮ ಸೀಮೆಯಲ್ಲಿ ಇಲ್ಲ. ಇವತ್ತು ಇದ್ದು ನಾಳೆ ದಿಬ್ಬ ಹತ್ತುವವನನ್ನು ಯಾರು ಅಳಿಯ ಮಾಡಿಕೊಳ್ಳುತ್ತಾರೆ? ಗಂಡ ತೀರಿಕೊಂಡ ಮೇಲೆ ನಾನು ಅವನ ಮನೆಗೇ ಬಂದು ಸೇರಿದೆ. ಅವನಿಗೆ ನಾನು, ನನಗೆ ಅವನು. ಅವನು ದನ ಕಾಯುತ್ತಾನೆ, ನಾನು ಅವನನ್ನು ಕಾಯುತ್ತೇನೆ.

ಊರು ಈ ಕಟ್ಟಳೆಗೆ ಒಗ್ಗಿಕೊಂಡಿದೆ. ನಮ್ಮಲ್ಲಿ ಯಾರ ಮನೆಯ ದನವನ್ನೂ ಎಷ್ಟು ಎಂದು ಕೇಳುವುದಿಲ್ಲ. ಹೆಣ್ಣು ಕೊಡುವವರು "ಹಾಲು ಮಜ್ಜಿಗೆಗೆ ತೊಂದ್ರೆ ಇಲ್ವಲ್ಲ" ಎನ್ನುತ್ತಾರೆ, ಗಂಡಿನವರು "ಅವೆ ಒಂದಷ್ಟು" ಎನ್ನುತ್ತಾರೆ, ಅಲ್ಲಿಗೆ ತಾಂಬೂಲ ಬದಲಾಗುತ್ತದೆ. ಶಾಲೆಯ ಲೆಕ್ಕಗಳಲ್ಲಿ ಮಾವಿನಹಣ್ಣು, ಬಳಪ, ಗೋಲಿ ಬರುತ್ತವೆ, ದನ ಬರುವುದಿಲ್ಲ. ಬೇರೆ ಊರಿನವರು ನಮ್ಮನ್ನು ಆಡಿಕೊಳ್ಳುತ್ತಾರೆ. ಅವರದೇನು ಹೆಚ್ಚುಗಾರಿಕೆ? ತೆರಿಗೆ ಎಂದು ಕೇಳಿದರೆ ಅವರ ಕೊಟ್ಟಿಗೆ ಬರಿದಾಗುತ್ತದೆ, ಪರಿಹಾರ ಎಂದರೆ ಗೊಡ್ಡೆಮ್ಮೆಯೂ ಅವಳಿ ಕರು ಹಾಕುತ್ತದೆ. ನಾವು ಸುಳ್ಳು ಹೇಳುವುದು ಜೀವ ಉಳಿಸಿಕೊಳ್ಳುವುದಕ್ಕೆ ಮಾತ್ರ.

ಆದರೆ ದನ ಸಾಕುವವರಿಗೆ ಅಂದಾಜಾದರೂ ಇರಬೇಕು. ಬೇಸಗೆಗೆ ಮೇವು ಎಷ್ಟು ಕೂಡಿಡಬೇಕು, ಬಾನಿಗೆ ನೀರು ಎಷ್ಟು ಬಿಡಬೇಕು, ಬೇನೆ ಬಂದರೆ ಮದ್ದು ಎಷ್ಟು ತರಿಸಬೇಕು. ಎಣಿಸಿದರೆ ಮಂದೆ ಹೋಗುತ್ತದೆ, ಎಣಿಸದೇ ಇದ್ದರೆ ಹಸಿದು ಸಾಯುತ್ತದೆ. ಅತ್ತ ದರಿ, ಇತ್ತ ಪುಲಿ. ಆ ಎರಡರ ನಡುವಿನ ಓಣಿಯಲ್ಲಿ ನಡೆಯುವವಳು ನಾನು.

ನನ್ನ ಕೆಲಸ ಹೀಗೆ. ಒಂದು ಬೆಳಿಗ್ಗೆ ಗಾದ್ರಿ ಕುಂಬಾರ ಓಣಿಯಿಂದ ಬರುವ ದನಗಳ ಹಣೆಗೆ ಮಾತ್ರ ಕೆಮ್ಮಣ್ಣು ಬಳಿಯುತ್ತಾನೆ. ಬಳಿದಾಗಲೆಲ್ಲ ಒಂದು ಕಲ್ಲುಹರಳನ್ನು ಚೀಲಕ್ಕೆ ಹಾಕುತ್ತಾನೆ, ಎಣಿಸುವುದಿಲ್ಲ. ಕೆಲವು ದಿನ ಬಿಟ್ಟು, ಮಂದೆಯೆಲ್ಲ ಕಲಸಿಕೊಂಡ ಮೇಲೆ, ನಾನು ನೀರಿನ ಬಾನಿಯ ಪಕ್ಕ ಎರಡು ಬುಟ್ಟಿ ಇಟ್ಟುಕೊಂಡು ಕೂರುತ್ತೇನೆ. ಕೆಂಪು ಹಣೆ ಬಂದರೆ ಈ ಬುಟ್ಟಿಗೆ ಒಂದು ಹರಳು, ಬರಿ ಹಣೆ ಬಂದರೆ ಆ ಬುಟ್ಟಿಗೆ. ಮಂದೆ ಮುಗಿಯುವವರೆಗೂ ಕೂರಬಾರದು. ಕಾಲು ಜೋಮು ಹಿಡಿದ ತಕ್ಷಣ ಏಳಬೇಕು. ಆಮೇಲೆ ತಕ್ಕಡಿ. ಬರಿ ಹಣೆಯ ಬುಟ್ಟಿ ಕೆಂಪು ಹಣೆಯ ಬುಟ್ಟಿಗಿಂತ ಎಷ್ಟು ಪಟ್ಟು ತೂಗುತ್ತದೋ ನೋಡಿಕೊಂಡು, ಗಾದ್ರಿಯ ಚೀಲದ ಹರಳಿಗೆ ಅದರ ಅಷ್ಟೇ ಪಟ್ಟು ಹರಳು ಸೇರಿಸಿ ರಾಶಿ ಹಾಕುವುದು. ಆ ರಾಶಿಯನ್ನು ಕೊಳಗದಲ್ಲಿ ಅಳೆದರೆ ಊರಿನ ದನ ಇಷ್ಟು ಕೊಳಗ ಎಂದಾಯಿತು. ಕೊಳಗಕ್ಕೆ ಮಂದೆ ಹೆದರುವುದಿಲ್ಲ.

ಅದೊಂದನ್ನೇ ನಂಬುವಂತಿಲ್ಲ. ಮಂದೆ ಹೋದ ದಾರಿಯ ಸೆಗಣಿಯನ್ನು ಬುಟ್ಟಿಗೆ ತುಂಬಿ ನೋಡುತ್ತೇನೆ. ದನ ಕುಡಿದೆದ್ದ ಮೇಲೆ ಬಾನಿಯ ನೀರು ಎಷ್ಟು ಬೆರಳು ಇಳಿಯಿತು ಎಂದು ನೋಡುತ್ತೇನೆ. ಮೂರು ದಾರಿಯಲ್ಲಿ ಮೂರು ಉತ್ತರ ಬರುತ್ತವೆ. ಮೂರೂ ಜಗಳವಾಡಿದರೆ ನನಗೆ ನೆಮ್ಮದಿ. ಕಡೆಗೆ ಅವುಗಳ ನಡುವೆ ಒಂದು ರಾಶಿ ಒಪ್ಪಿಕೊಂಡು, ಕಣ್ಣು ಮುಚ್ಚಿ, ರಾಶಿಯಿಂದ ಒಂದು ಹಿಡಿ ಹರಳು ತೆಗೆದು ಕೆರೆಗೆ ಎಸೆಯುತ್ತೇನೆ. ಅದನ್ನು ತಪ್ಪಿನ ಹಿಡಿ ಎನ್ನುತ್ತೇವೆ. ಆ ಹಿಡಿ ಹೋಗದೆ ಯಾವ ಅಂದಾಜೂ ಊರೊಳಗೆ ಕಾಲಿಡಬಾರದು.

ಈ ವರ್ಷ ಮೂರೂ ಉತ್ತರಗಳು ಜಗಳವಾಡಲಿಲ್ಲ. ಹರಳಿನ ರಾಶಿ ಎಲ್ಲಿ ನಿಂತಿತೋ ಸೆಗಣಿಯೂ ಅಲ್ಲೇ ನಿಂತಿತು, ನೀರೂ ಅಲ್ಲಿಗೇ ಬಂತು. ನೀರನ್ನು ಮತ್ತೊಂದು ದಿನ ಅಳೆದೆ, ಮತ್ತೆ ಅಷ್ಟೇ ಬೆರಳು. ಇಷ್ಟು ವರ್ಷ ಮಾಡಿ ಮಾಡಿ ಕೈ ಪಳಗಿಬಿಟ್ಟಿದೆಯಲ್ಲ ಎಂದು ನನ್ನ ಕೈಯ ಮೇಲೆ ನನಗೇ ಭಯವಾಯಿತು. ಗಾದ್ರಿಗೆ ಹೇಳಿದರೆ ಅವನು ನಕ್ಕ.

"ತಪ್ಪಿನ ಹಿಡಿ ಐತಲ್ಲಕ್ಕ. ಎಸ್ದು ಕೈ ತೊಳ್ಕ, ಅಷ್ಟೇಯ."

ಕಣ್ಣು ಮುಚ್ಚಿ ಹಿಡಿ ತುಂಬ ತೆಗೆದೆ, ಎಸೆದೆ. ಹರಳು ನೀರಿಗೆ ಬಿದ್ದ ಸದ್ದು ಕೇಳಿದ ಮೇಲೆ ಸ್ವಲ್ಪ ಉಸಿರು ಬಂತು.

ಈ ವರ್ಷದ ಅಂದಾಜು ಮೇವಿಗಲ್ಲ, ಮದ್ದಿಗೆ. ಮೂಡಣ ಊರುಗಳಲ್ಲಿ ಗಂಟುಬೇನೆ ಬಿದ್ದಿತ್ತು. ದನದ ಮೈಯೆಲ್ಲ ಗಂಟೆದ್ದು, ಗಂಟು ಒಡೆದು, ಕಾಲು ಬಾತು, ಮಲಗಿದ್ದು ಏಳುತ್ತಿರಲಿಲ್ಲ. ನಮ್ಮ ದನದ ಡಾಕ್ಟರು ಮನ್ಸೂರ್ ಸಾಹೇಬರು ಈ ಊರಿಗೆ ಬಂದು ತಲೆ ನರೆತಿದೆ. ನಮ್ಮ ಕಟ್ಟಳೆಯನ್ನು ಅವರು ಒಂದು ದಿನಕ್ಕೂ ಗೇಲಿ ಮಾಡಿದವರಲ್ಲ. ಬೇರೆ ಕಡೆ ಹೇಗೆ ಎಂದು ಆಗಾಗ ಹೇಳುತ್ತಿದ್ದರು: ಹತ್ತು ಮನೆ ನೋಡಿ ಇಡೀ ತಾಲ್ಲೂಕಿಗೆ ಗುಣಿಸುವವರಿದ್ದಾರೆ, ವಿಮಾನದಲ್ಲಿ ಹೋಗಿ ಮೇಲಿಂದ ಚಿತ್ರ ತೆಗೆಯುವವರಿದ್ದಾರೆ, ಎಲ್ಲರದೂ ಕಡೆಗೆ ಅಂದಾಜೇ. ನಾನು ಕೊಳಗದ ಲೆಕ್ಕ ಹೇಳುತ್ತಿದ್ದೆ, ಅವರು ಅದನ್ನು ಸೀಸೆಗಳ ಲೆಕ್ಕಕ್ಕೆ ತಿರುಗಿಸಿಕೊಳ್ಳುತ್ತಿದ್ದರು. ಒಂದು ದನಕ್ಕೆ ಒಂದು ಸೀಸೆ. ಒಂದು ಕೊಳಗದಲ್ಲಿ ಎಷ್ಟು ಹರಳು ಹಿಡಿಯುತ್ತದೆ ಎನ್ನುವುದು ಅವರಿಗೆ ಮಾತ್ರ ಗೊತ್ತಿತ್ತು. ನಾನು ಕೇಳುತ್ತಲೂ ಇರಲಿಲ್ಲ.

"ಈ ಸಲ ಮದ್ದಿಗೆ ಬಲು ಅಭಾವ ಇದೆ ಓಬಕ್ಕ" ಎಂದರು ಸಾಹೇಬರು. "ಕಮ್ಮಿ ಬಿದ್ರೆ ಮತ್ತೆ ಸಿಗೋದಿಲ್ಲ. ಹೆಚ್ಚು ತರಿಸಿದ್ರೆ ಪಕ್ಕದ ಊರಿನ ಬಾಯಿಂದ ಕಿತ್ತ ಹಾಗೆ. ನಿಮ್ಮ ಲೆಕ್ಕ ನೀವು ಕೊಡಿ."

ಕೊಟ್ಟೆ. ಸಾಹೇಬರು ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿ ತಲೆಯಾಡಿಸಿದರು.

ಮದ್ದು ಬಂದ ದಿನ ದನಗಳನ್ನೆಲ್ಲ ಊರ ಮುಂದಿನ ದೊಡ್ಡಿಯಲ್ಲಿ ಕೂಡಿದ್ದರು. ಇಕ್ಕಟ್ಟಾದ ಓಣಿಯಂತೆ ಬಿದಿರು ಕಟ್ಟಿ, ಒಂದು ತುದಿಯಿಂದ ದನ ಬಿಟ್ಟರೆ ಇನ್ನೊಂದು ತುದಿಯಲ್ಲಿ ಸಾಹೇಬರು ಸೂಜಿ ಹಾಕಿ ಬಯಲಿಗೆ ಬಿಡುತ್ತಿದ್ದರು. ಪಕ್ಕದಲ್ಲಿ ಐಸು ತುಂಬಿದ ಪೆಟ್ಟಿಗೆ. ಗಾದ್ರಿ ದನಗಳ ಹೆಸರು ಕೂಗಿ ಒಳಗೆ ಬಿಡುತ್ತಿದ್ದ, ಬೆಳ್ಳಿ ಬಾ, ಮುಂಗೋಪಿ ಬಾ, ಜೋಲುಗಿವಿ ಬಾ ಎಂದು. ಬಿಸಿಲು ಏರಿತು, ಇಳಿಯಿತು. ನಾನು ಪೆಟ್ಟಿಗೆಯಿಂದ ಸೀಸೆ ತೆಗೆದು ಸಾಹೇಬರ ಕೈಗೆ ಕೊಡುತ್ತಿದ್ದೆ. ಕೈ ಪೆಟ್ಟಿಗೆಯ ತಳ ಮುಟ್ಟುವ ಹೊತ್ತಿಗೆ ಓಣಿಯ ಆ ತುದಿಯೂ ಬರಿದಾಗುತ್ತ ಬಂದಿತ್ತು. ಕಡಿಮೆ ಬೀಳುತ್ತದೆ, ಹಿಡಿ ತೆಗೆದಿದ್ದೇನಲ್ಲ ಎಂದು ನನ್ನ ಮನಸ್ಸು ಕಾಯುತ್ತಿತ್ತು. ಕಡಿಮೆ ಬಿದ್ದರೆ ಸಂಕಟ, ಆದರೆ ಆ ಸಂಕಟ ಗೊತ್ತಿರುವ ಸಂಕಟ.

ಆಗ ಗಂಟೆಗಳು ನಿಂತವು.

ಮೊದಲು ನನಗೆ ಕಿವಿ ಕಟ್ಟಿದೆ ಎನಿಸಿತು. ತಲೆಯೆತ್ತಿ ನೋಡಿದೆ. ಬಯಲಲ್ಲಿ ಮದ್ದು ಹಾಕಿಸಿಕೊಂಡು ನಿಂತಿದ್ದ ದನಗಳಲ್ಲಿ ಒಂದೂ ಬಾಯಿ ಆಡಿಸುತ್ತಿರಲಿಲ್ಲ. ಮುಂದಿದ್ದ ಬಿಳಿ ಎತ್ತೊಂದು ನಿಧಾನವಾಗಿ ಕತ್ತು ತಿರುಗಿಸಿ ಬಡಗಣ ದಿಬ್ಬ ನೋಡಿತು. ಅದರ ಪಕ್ಕದ್ದು ನೋಡಿತು. ನನ್ನ ಕಣ್ಣು ತಾನಾಗಿ ಪೆಟ್ಟಿಗೆಗೆ ಹೋಯಿತು, ಅಲ್ಲಿಂದ ಓಣಿಗೆ ಹೋಯಿತು. ಉಳಿದ ದನಕ್ಕೆ ಉಳಿದ ಸೀಸೆ ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಒಂದಕ್ಕೊಂದು ಜೋಡಿಯಾಗಿ ತೀರಿಹೋಗುತ್ತವೆ. ಕಡೆಯ ದನಕ್ಕೆ ಕಡೆಯ ಸೀಸೆ ಬಿದ್ದ ಗಳಿಗೆಯಲ್ಲಿ ಊರಿನ ಲೆಕ್ಕ ಪೂರ್ತಿಯಾಗುತ್ತದೆ.

"ಸಾಹೇಬ್ರೆ, ಹೆಂಗೆ ಸರಿಹೋಯ್ತು ಇದು? ನಾನು ಹಿಡಿ ತೆಗ್ದಿದ್ನಲ್ಲ" ಎಂದೆ.

ಅವರ ಮುಖ ಬಿಳಿಚಿಕೊಂಡಿತ್ತು. "ನೀವು ತೆಗೀತೀರಿ ಅಂತ ಗೊತ್ತಿತ್ತಲ್ಲ. ಈ ಸಲ ಕಮ್ಮಿ ಬಿದ್ರೆ ದನ ಸಾಯ್ತವೆ ಅಂತ ನಾನೊಂದು ಹಿಡಿ ಸೇರಿಸಿ ತರಿಸ್ದೆ" ಎಂದರು. ಸೂಜಿ ಹಿಡಿದಿದ್ದ ಅವರ ಕೈ ನೋಡಿದೆ. ನನ್ನ ಕೈಯಷ್ಟೇ ಇತ್ತು.

ನಾನು ತಪ್ಪು ಮಾಡಿದ್ದು ಊರು ಉಳಿಯಲಿ ಎಂದು, ಅವರು ಆ ತಪ್ಪನ್ನು ತುಂಬಿದ್ದು ದನ ಉಳಿಯಲಿ ಎಂದು. ಇಬ್ಬರ ಒಳ್ಳೆಯತನವೂ ಸೇರಿ ಸರಿಯಾದ ಲೆಕ್ಕ ಹುಟ್ಟಿಕೊಂಡಿತ್ತು. ಓಣಿಯ ತುದಿಯಲ್ಲಿ ಗಾದ್ರಿ ಕೂಗುವುದನ್ನು ನಿಲ್ಲಿಸಿದ್ದ. ಅವನು ದನಗಳನ್ನು ನೋಡಿದ, ದಿಬ್ಬ ನೋಡಿದ, ಬಗ್ಗಿ ಪಂಚೆ ಎತ್ತಿ ಕಟ್ಟಿದ. ದೂರದ ದಾರಿ ಹೊರಡುವವನು ಕಟ್ಟುವ ಹಾಗೆ ಕಟ್ಟಿದ. ಅದನ್ನು ನೋಡಿದ ಮೇಲೆ ನನಗೆ ಬುದ್ಧಿ ನೆಟ್ಟಗಿರಲಿಲ್ಲ.

ಒಂದು ಸೀಸೆ ಒಡೆದರೆ ಸಾಕೆ ಎಂದು ಹೊಳೆಯಿತು. ಸಾಲದು. ಒಂದು ಕಡಿಮೆ ಎಂದು ಗೊತ್ತಾದರೆ ಅದೂ ಲೆಕ್ಕವೇ. ಏನು ಉಳಿಯಿತು, ಏನು ಹೋಯಿತು ಎಂದು ಯಾರಿಗೂ ತಿಳಿಯದ ಹಾಗಾಗಬೇಕು. ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ಎತ್ತಿ ಕಲ್ಲುಚಪ್ಪಡಿಯ ಮೇಲೆ ಮಗುಚಿದೆ. ಓಣಿಯ ಬಿದಿರಿನ ಕಟ್ಟು ಕಿತ್ತೆ. ಒಳಗಿದ್ದ ದನಗಳು ಗಾಬರಿಬಿದ್ದು ಬಯಲಿಗೆ ನುಗ್ಗಿ, ಮದ್ದು ಬಿದ್ದವೂ ಬೀಳದವೂ ಕಲಸಿಹೋದವು. ಅವುಗಳ ಕಾಲಿನಡಿ ಸೀಸೆ ಪುಡಿಪುಡಿಯಾಗುವ ಸದ್ದು ಕೇಳಿತು. ನಾನು ಕಣ್ಣು ಮುಚ್ಚಿ ಅಲ್ಲೇ ಕುಕ್ಕರಿಸಿದೆ. ಎಲ್ಲೋ ಒಂದು ಗಂಟೆ ಟಣ್ ಎಂದಿತು. ಇನ್ನೊಂದು. ಆಮೇಲೆ ಬಯಲೆಲ್ಲ ಗಂಟೆ. ಜೀವಮಾನದಲ್ಲಿ ನಾನು ಅಷ್ಟು ಅತ್ತಿರಲಿಲ್ಲ.

ಯಾರೂ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಸಾಹೇಬರು ಒಡೆಯದೆ ಉಳಿದ ಸೀಸೆಗಳನ್ನು ಆಯ್ದು ಕೈಗೆ ಸಿಕ್ಕ ದನಗಳಿಗೆ ಹಾಕಿದರು. ಆಗಲೇ ಹಾಕಿದ್ದಕ್ಕೇ ಮತ್ತೆ ಹಾಕಿದರೋ ಏನೋ, ಅವರಿಗೂ ಗೊತ್ತಿರಲಿಲ್ಲ. ಇನ್ನಷ್ಟು ಮದ್ದು ಬೇಡಿ ಓಡಾಡಿದರು, ಎಲ್ಲ ಕಡೆಯೂ ಕೈ ಖಾಲಿ. ಅಷ್ಟರಲ್ಲಿ ಬೇನೆ ಬಂತು.

ಮೊದಲು ಅಗಸರ ಮನೆಯ ಹಸು. ಆಮೇಲೆ ಓಣಿ ಓಣಿಗೆ. ಮದ್ದು ಬಿದ್ದು ಇನ್ನೂ ಮೈಗೆ ಹತ್ತದವಕ್ಕೂ ಗಂಟೆದ್ದವು. ಅರಿಸಿನ, ಬೇವು, ಸುಣ್ಣ ಹಚ್ಚಿ ಹೆಂಗಸರು ಕೊಟ್ಟಿಗೆಯಲ್ಲೇ ಹೊದ್ದು ಮಲಗಿದರು. ಸತ್ತದ್ದನ್ನು ಹೊಲದ ಬದುವಿನಲ್ಲಿ ಹೂಳುವ ಕೆಲಸ ಗಾದ್ರಿಯದು. ಎಷ್ಟು ಹೂತ ಎಂದು ಯಾರೂ ಕೇಳಲಿಲ್ಲ. ಅವನು ಮನೆಗೆ ಬಂದು ಕೈ ತೊಳೆಯುವಾಗ ನಾನು ಅವನ ಮುಖ ನೋಡುತ್ತಿರಲಿಲ್ಲ. ಅವನ ಜೋಲುಗಿವಿ ಸತ್ತ ದಿನ ಮಾತ್ರ ಅವನೇ ಮಾತಾಡಿದ. ಆ ಎಮ್ಮೆ ಅವನದೇ, ಕೊಟ್ಟಿಗೆಯಲ್ಲಿ ನಮಗಿದ್ದದ್ದು ಅದೊಂದು.

"ಅವತ್ತು ಬಿಟ್ಟಿದ್ರೆ ಹೋಗಿರೋವು ಕಣಕ್ಕ."

"ಹೋಗಿದ್ರೆ ಸಿಗ್ತಿದ್ವಾ?"

"ಸಿಗ್ದೆ ಹೋದ್ರೇನಾತು. ಎಲ್ಲೋ ಒಂದ್ ಕಡೆ ಇರೋವು. ಇಲ್ಲಿ ನೋಡು, ಒಂದೊಂದೇ ಕೈಯಾಗೆ ಸಾಯ್ತಾವೆ."

"ನೀನೂ ಹೋಗ್ಬಿಡ್ತಿದ್ದೆ" ಎಂದೆ.

"ಹೋಗ್ತಿದ್ದೆ. ಅದ್ಕೇನೀಗ? ಅಪ್ಪ ಹೋಗ್ನಿಲ್ವ?" ಎಂದು ಅವನು ಕೈ ಒರೆಸಿಕೊಂಡು ಒಳಗೆ ಹೋದ.

ಮಾರನೆಯ ಬೆಳಿಗ್ಗೆ ನಾನು ಊರಬಾಗಿಲ ಹತ್ತಿರ ಸೆಗಣಿ ಎತ್ತುತ್ತಿದ್ದೆ. ಇನ್ನೂ ನಡೆಯಬಲ್ಲ ದನಗಳು ಮೇಯಲು ಹೊರಟಿದ್ದವು, ಮಲಗಿದ್ದವು ಕೊಟ್ಟಿಗೆಯಲ್ಲಿದ್ದವು. ಗಾದ್ರಿ ಬಾಗಿಲ ಕಲ್ಲಿಗೆ ಒರಗಿ ನಿಂತಿದ್ದ. ಎಂದಿನಂತೆ ಹೆಸರು ಹಿಡಿದು ಕರೆಯುತ್ತಿಲ್ಲವಲ್ಲ ಎಂದು ನೋಡಿದೆ. ಅವನ ತುಟಿ ಅಲ್ಲಾಡುತ್ತಿತ್ತು. ಒಂದು ದನ ದಾಟಿದರೆ ಒಮ್ಮೆ, ಇನ್ನೊಂದು ದಾಟಿದರೆ ಇನ್ನೊಮ್ಮೆ. ಮಲಗಿದ್ದವನ್ನು ಎಣಿಸಲು ಓಣಿ ಓಣಿಯ ಕೊಟ್ಟಿಗೆಗಳನ್ನೆಲ್ಲ ಅವನು ಮೊದಲೇ ಇಣುಕಿ ಬಂದಿದ್ದಾನೆ ಎನ್ನುವುದೂ ಆಗ ತಿಳಿಯಿತು. ಅಕ್ಕ ತಮ್ಮ ಇಬ್ಬರೂ ಬುದ್ಧಿ ಬಂದಂದಿನಿಂದ ಯಾವುದಕ್ಕೆ ಹೆದರಿಕೊಂಡು ಬದುಕಿದೆವೋ ಅದನ್ನೇ ಅವನು ನನ್ನ ಕಣ್ಣೆದುರು ಮಾಡುತ್ತಿದ್ದ.

ನನಗೆ ಬೇರೇನೂ ತೋಚಲಿಲ್ಲ. ಬುಟ್ಟಿ ಕೆಳಗಿಟ್ಟು ಅವನ ಪಕ್ಕದಲ್ಲಿ ನಿಂತು ಬಾಯಿಗೆ ಬಂದ ಸಂಖ್ಯೆ ಕೂಗತೊಡಗಿದೆ. ಏಳು, ಐವತ್ತಾರು, ಹದಿಮೂರು, ನೂರಾ ಒಂದು. ಗೋಲಿ ಎಣಿಸುವ ಹುಡುಗರ ಲೆಕ್ಕ ತಪ್ಪಿಸಲು ಇನ್ನೊಬ್ಬ ಹುಡುಗ ಕಿರುಚುವುದಿಲ್ಲವೆ, ಹಾಗೆ. ಗಾದ್ರಿಯ ತುಟಿ ನಿಂತಿತು. ಅವನು ನನ್ನ ಕಡೆ ತಿರುಗಿ ನಕ್ಕ, ನಗುವಿನಲ್ಲಿ ಕೋಪವಿರಲಿಲ್ಲ, ಅದೇ ನನಗೆ ಹೆಚ್ಚು ಹೆದರಿಕೆ ಹುಟ್ಟಿಸಿತು.

"ಎಷ್ಟ್ ದಿನ ಕೂಗ್ತೀಯಕ್ಕ?"

"ನಂಗೆ ಬಾಯಿರೋ ತನಕ."

ಆವತ್ತಿನಿಂದ ದಿನವೂ ಬೆಳಿಗ್ಗೆ ಅದೇ ಕೆಲಸ. ಅವನು ನಿಲ್ಲುವ ಮೊದಲೇ ನಾನು ಹೋಗಿ ನಿಲ್ಲುತ್ತಿದ್ದೆ. ಮೊದಮೊದಲು ಜನ ನನಗೆ ತಲೆ ಕೆಟ್ಟಿತು ಎಂದುಕೊಂಡರು. ವಿಷಯ ತಿಳಿದ ಮೇಲೆ ಹೆಂಗಸರು ಬಂದು ಜೊತೆ ಸೇರಿದರು. ಹೂವಾಡಗಿತ್ತಿ ಮುದ್ದಕ್ಕ ಮೊಳ ಹಾಕುವ ಲೆಕ್ಕ ಕೂಗುತ್ತಿದ್ದಳು, ಅಕ್ಕಸಾಲಿಯ ಹೆಂಡತಿ ಗುಲಗಂಜಿಯ ಲೆಕ್ಕ. ದನ ಸಾಯುತ್ತಿದ್ದ ಆ ದಿನಗಳಲ್ಲಿ ಊರಲ್ಲಿ ಕೇಳುತ್ತಿದ್ದ ನಗುವೆಂದರೆ ಅದೊಂದೇ. ನಾನು ಮಾತ್ರ ನಗುತ್ತಿರಲಿಲ್ಲ. ನನ್ನ ಕಣ್ಣು ಅವನ ತುಟಿಯ ಮೇಲಿರುತ್ತಿತ್ತು. ಸಂಜೆ ಅವನು ಮನೆಗೆ ಬಂದರೆ ಒಂದು ದಿನ ಗೆದ್ದೆ ಎಂದುಕೊಳ್ಳುತ್ತಿದ್ದೆ. ಗಂಟಲು ಹರಿದು ದನಿ ಕೀರಲಾಯಿತು. ಶುಂಠಿ ಜಗಿದು ಮತ್ತೆ ಕೂಗುತ್ತಿದ್ದೆ.

ಸಾವು ಕಡಿಮೆಯಾಗಲಿಲ್ಲ. ಒಂದು ದಿನ ಮುದ್ದಕ್ಕನ ಕೊನೆಯ ಹಸುವಿಗೂ ಗಂಟೆದ್ದವು. ಮಾರನೆಯ ಬೆಳಿಗ್ಗೆ ಅವಳು ಬಂದು ನನ್ನ ಪಕ್ಕ ನಿಂತಳು, ಕೂಗಲಿಲ್ಲ.

"ಯಾಕೆ ಮುದ್ದಕ್ಕ?"

"ಓಗ್ಲಿ ಬಿಡು ಓಬಕ್ಕ" ಎಂದಳು ಮೆಲ್ಲಗೆ. "ಕಣ್ಮುಂದೆ ಕೊಳ್ತು ಸಾಯೋದ್ಕಿಂತ ಓಗ್ಲಿ. ಮಂದೆ ಎದ್ದಾಗ ಮಲ್ಗಿರೋವೂ ಎದ್ದು ನಡೀತಾವಂತೆ."

"ನಿಂಗೆ ಹೋಗೋದು ದನ. ನಂಗೆ ಹೋಗೋದು ಅವ್ನು" ಎಂದೆ. ಅವಳು ತಲೆ ತಗ್ಗಿಸಿದಳು. ಆದರೂ ಬಾಯಿ ತೆರೆಯಲಿಲ್ಲ. ಸುತ್ತ ನೋಡಿದೆ. ಅಕ್ಕಸಾಲಿಯ ಹೆಂಡತಿ ಬಂದೇ ಇರಲಿಲ್ಲ. ಆವತ್ತು ಕೂಗಿದವಳು ನಾನೊಬ್ಬಳೇ.

ಕೀರಲು ದನಿಯಲ್ಲೇ ಕೂಗಿದೆ. ಮೂವತ್ತು, ಎಂಟು, ತೊಂಬತ್ತು. ದನಗಳು ಒಂದೊಂದಾಗಿ ಬಾಗಿಲು ದಾಟುತ್ತಿದ್ದವು. ಗಾದ್ರಿ ನನ್ನ ಕಡೆ ನೋಡುತ್ತಿರಲಿಲ್ಲ, ತುಟಿಯೂ ಅಲ್ಲಾಡುತ್ತಿರಲಿಲ್ಲ. ಈವತ್ತು ಬಿಟ್ಟುಬಿಟ್ಟ, ಸೋತ ಎಂದುಕೊಂಡೆ. ಆಗ ಅವನ ಬೆನ್ನ ಹಿಂದಿದ್ದ ಕೈ ಕಂಡಿತು. ಹೆಬ್ಬೆರಳು ಬೆರಳಿನ ಗೆಣ್ಣು ಗೆಣ್ಣು ಮುಟ್ಟುತ್ತ ನಡೆದಿತ್ತು. ಗಾದ್ರಿ ಎಂದು ಕಿರುಚಿದೆ. ಅವನು ತಿರುಗಲಿಲ್ಲ. ತೋಳು ಹಿಡಿದು ಎಳೆದೆ. ಅವನ ಕಿವಿಯೊಳಗೆ ಹತ್ತಿ ಇತ್ತು.

ಕಡೆಯದು ಒಂದು ಕುಂಟು ಕರು. ಅದು ಬಾಗಿಲು ದಾಟಿತು. ಗಾದ್ರಿಯ ಹೆಬ್ಬೆರಳು ಒಂದು ಗೆಣ್ಣಿನ ಮೇಲೆ ನಿಂತಿತು.

ಗಂಟೆಗಳು ನಿಂತವು. ಇಷ್ಟು ಹತ್ತಿರದಿಂದ ಆ ಮೌನವನ್ನು ನಾನು ಚಿಕ್ಕಂದಿನಲ್ಲಿ ಕೇಳಿದ್ದೆ. ಓಣಿಗಳಿಂದ ಏದುಸಿರು, ಎಳೆಯುವ ಗೊರಸಿನ ಸದ್ದು ಬಂತು. ಮಲಗಿದ್ದ ದನಗಳು ಎದ್ದು ಬರುತ್ತಿದ್ದವು, ಮೈಮೇಲೆ ಗಂಟು, ಬಾತ ಕಾಲು, ಆದರೂ ನಡೆಯುತ್ತಿದ್ದವು. ಮುದ್ದಕ್ಕನ ಹಸು ಅವಳನ್ನು ಸವರಿಕೊಂಡೇ ಮುಂದೆ ಹೋಯಿತು. ಅವಳು ಮುಟ್ಟಲಿಲ್ಲ. ಹೊರಟ ದನವನ್ನು ಮುಟ್ಟಬಾರದು. ಜನ ತಮ್ಮ ತಮ್ಮ ಬಾಗಿಲಲ್ಲಿ ಸೆರಗು ಕಚ್ಚಿಕೊಂಡು ನಿಂತಿದ್ದರು. ಮನ್ಸೂರ್ ಸಾಹೇಬರು ಆಸ್ಪತ್ರೆಯ ಕಟ್ಟೆಯ ಮೇಲೆ ಟೋಪಿ ತೆಗೆದು ಕೈಯಲ್ಲಿ ಹಿಡಿದು ನಿಂತಿದ್ದರು. ಎಲ್ಲ ಮುಖಗಳೂ ದಿಬ್ಬದ ಕಡೆ ತಿರುಗಿದವು.

ಗಾದ್ರಿ ಕಿವಿಯಿಂದ ಹತ್ತಿ ತೆಗೆದು ಸ್ವಲ್ಪ ಹೊತ್ತು ಆ ಮೌನವನ್ನು ಕೇಳಿದ. ಅವನನ್ನು ಅಪ್ಪಿ ಹಿಡಿಯಬೇಕು, ಕಾಲಿಗೆ ಬೀಳಬೇಕು, ಏನೇನೋ ಅನಿಸಿತು. ಅಪ್ಪನ ಹಾಗೆ ಇವನೂ ನೋಡದೆ ದಾಟಿಹೋಗುತ್ತಾನೆ ಎಂದು ಕಾದೆ. ಅವನು ನನ್ನ ಕಡೆ ತಿರುಗಿದ.

"ದಾರಿ ಉದ್ದ ಇರ್ಬೋದು. ರೊಟ್ಟಿ ಕಟ್ಟಿಕೊಡಕ್ಕ" ಎಂದ.

ಮನೆಗೆ ಓಡಿದೆ. ಎಷ್ಟು ಕಟ್ಟಲಿ ಎಂದು ಕೇಳಿರಲಿಲ್ಲ. ಇದ್ದ ಹಿಟ್ಟನ್ನೆಲ್ಲ ಕಲಸಿ ತಟ್ಟತೊಡಗಿದೆ. ಹೊರಗೆ ಗೊರಸಿನ ಸದ್ದು ಶುರುವಾಗಿತ್ತು. ಒಂದು ಬೆಂದರೆ ಇನ್ನೊಂದು, ಅದು ಬೆಂದರೆ ಮತ್ತೊಂದು, ನಾನು ತಟ್ಟುತ್ತಲೇ ಇದ್ದೆ, ಎಣಿಸಲಿಲ್ಲ.